ಬಿಚ್ಚದೆ ಬಿಟ್ಟ ಮೂರು ಚಕ್ರ

ಸೊರಬದ ಬ್ರೇಕ್ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡ. ಸುದ್ದಿ ತಂದವನು ‘ದೊಡ್ಡ ಜೀವ ಹೋಯ್ತಲ್ರೀ’ ಎಂದು ನಿಟ್ಟುಸಿರು ಬಿಟ್ಟ. ನನ್ನ ಬಾಯಲ್ಲಿ ಹುಳಿ ನೀರು ಬಂತು. ಎದ್ದು ಹಿತ್ತಿಲಿಗೆ ಹೋಗಿ ಉಗುಳಿ ಬಂದೆ. ಸಾವಿನ ಸುದ್ದಿ ಕೇಳಿ ಉಗುಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಆ ಮನುಷ್ಯನ ನೆನಪು ನನಗೆ ಮೊದಲಿಂದಲೂ ಬಾಯಿಯಿಂದಲೇ ಶುರುವಾಗುವುದು.

‘ಅವರು’ ಎಂದು ಬರೆಯಲು ಕೈ ಒಪ್ಪುತ್ತಿಲ್ಲ. ತೀರ ಹೀನಾಯವಾಗಿ ಬರೆಯೋಣವೆಂದರೆ ನಲವತ್ತು ವರ್ಷ ನನಗೆ ಅನ್ನ ಹಾಕಿದ್ದು ಆ ಮನುಷ್ಯ ಕಲಿಸಿದ ಕೆಲಸವೇ. ಅದಕ್ಕೆ ಸುಮ್ಮನೆ ಮೇಸ್ತ್ರಿ ಎನ್ನುತ್ತೇನೆ. ಹೆಸರು ಬೇಡ. ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನು ತಪ್ಪು ಮಾಡಿದ್ದಾರೆ.

ಆಗ ಹೊಸ ಪೈಸೆ ಬಂದ ಹೊಸದು. ಸಂತೆಯಲ್ಲಿ ಜನ ಇನ್ನೂ ಆಣೆ ಲೆಕ್ಕದಲ್ಲೇ ಜಗಳವಾಡುತ್ತಿದ್ದರು. ನಾನು ಶಿಕಾರಿಪುರದಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಕಾರಿಗೆ ಡ್ರೈವರಾಗಿದ್ದೆ. ಕಾರೆಂದರೆ ಅಂಥಿಂಥ ಕಾರಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ ಅಮೆರಿಕದ ಗಾಡಿ. ಮೆತ್ತನೆಯ ತೊಗಲಿನ ಸೀಟು, ಕನ್ನಡಿಯ ಹಾಗೆ ಮುಖ ಕಾಣುವ ಬಾಗಿಲು. ಬಸ್ ಸ್ಟ್ಯಾಂಡಿನ ಮುಂದೆ ತಿರುಗಿಸಬೇಕಾದರೆ ಮೂರು ಸಲ ಹಿಂದೆ ಮುಂದೆ ಮಾಡಬೇಕು, ಅಷ್ಟು ಉದ್ದ. ಆ ಭಾರವನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದದ್ದು ನಾಲ್ಕು ಚಕ್ರಗಳ ಒಳಗಿದ್ದ ನಾಲ್ಕು ಬೀಡುಕಬ್ಬಿಣದ ಡ್ರಮ್ಮು. ಪೆಡಲ್ ತುಳಿದರೆ ಡ್ರಮ್ಮಿನೊಳಗಿನ ಶೂಗಳು ಅಗಲವಾಗಿ ಅದರ ಒಳಮೈಗೆ ಒತ್ತಿಕೊಳ್ಳುತ್ತವೆ. ಶೂಗಳ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ ಲೈನಿಂಗ್ ಇರುತ್ತದೆ. ಲೈನಿಂಗ್ ಸವೆಯಬೇಕು, ಡ್ರಮ್ಮು ಉಳಿಯಬೇಕು. ಬ್ರೇಕಿನ ವಿದ್ಯೆಯೆಲ್ಲ ಇಷ್ಟೇ ಎಂದು ಮೇಸ್ತ್ರಿ ಹೇಳುತ್ತಿದ್ದ.

ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದು ಬಂದವನಂತೆ. ಸೊರಬದಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಆತನ ತಗಡಿನ ಶೆಡ್ಡು. ಶಿಕಾರಿಪುರದಲ್ಲಿ ಲಾರಿ ರಿಪೇರಿಯವರಿದ್ದರೂ ಇಂಥ ಕಾರಿನ ಬ್ರೇಕು ಬಿಚ್ಚಲು ಅವರಿಗೆ ಧೈರ್ಯವಿರಲಿಲ್ಲ. ಹೀಗಾಗಿ ತಿಂಗಳಿಗೊಮ್ಮೆ ನಾನು ಗಾಡಿ ತೆಗೆದುಕೊಂಡು ಸೊರಬಕ್ಕೆ ಹೋಗುತ್ತಿದ್ದೆ.

ಆ ಶೆಡ್ಡಿನ ಗಲೀಜನ್ನು ಹೇಗೆ ಹೇಳಲಿ! ಗೋಡೆ ಅಷ್ಟೆತ್ತರಕ್ಕೂ ಎಲೆಯಡಿಕೆಯ ಉಗುಳು. ಒಂದೇ ಬಟ್ಟೆಯಲ್ಲಿ ಡ್ರಮ್ಮೂ ಒರೆಸುತ್ತಿದ್ದ, ಬೆವರೂ ಒರೆಸುತ್ತಿದ್ದ, ಊಟದ ಬುತ್ತಿಯ ಮುಚ್ಚಳವನ್ನೂ ಒರೆಸುತ್ತಿದ್ದ. ಚಕ್ರ ಬಿಚ್ಚಿದರೆ ಒಳಗೆ ಕೂತಿರುವ ಕರೀ ಪುಡಿಯನ್ನು ಬಾಯಿಂದ ಉಫ್ ಎಂದು ಊದುತ್ತಿದ್ದ, ಎದುರಿಗೆ ಯಾರಿದ್ದಾರೆ ಎಂದು ನೋಡುತ್ತಿರಲಿಲ್ಲ. ಹಲ್ಲಿನ ಸಂದಿಯೆಲ್ಲ ಕರಿ. ನಕ್ಕರೆ ನೋಡಲಾಗುತ್ತಿರಲಿಲ್ಲ.

ಇದಕ್ಕಿಂತ ಅಸಹ್ಯ ಇನ್ನೊಂದಿತ್ತು. ಡ್ರಮ್ಮಿನೊಳಗೆ ಪಸೆ ಕಂಡರೆ ಬೆರಳಿನಿಂದ ಬಳಿದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ, ಜಾತ್ರೆಯ ಬೆಂಡು ಬತ್ತಾಸು ಚಪ್ಪರಿಸುವವರ ಹಾಗೆ ಚಪ್ಪರಿಸಿ, ಪಕ್ಕಕ್ಕೆ ತೂ ಎಂದು ಉಗುಳಿ ಹೇಳುತ್ತಿದ್ದ: ‘ಇದು ಬ್ರೇಕಿನೆಣ್ಣೆ. ಸಿಲಿಂಡ್ರು ಸೋರ್ತಾ ಐತೆ.’ ಇಲ್ಲವೇ, ‘ಇದು ಅಚ್ಚಿನ ಗ್ರೀಸು, ಸೀಲು ಹೋಗೈತೆ.’ ಬಿಚ್ಚಿ ನೋಡಿದರೆ ಹೇಳಿದ್ದೇ ಸರಿ ಇರುತ್ತಿತ್ತು. ಆಮೇಲೆ ಅದೇ ಬೆರಳಿನಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ.

‘ನೀನೂ ನೆಕ್ಕು’ ಎಂದು ಒಂದು ದಿನ ಬೆರಳನ್ನು ನನ್ನ ಮೂಗಿನ ಹತ್ತಿರ ತಂದ.

‘ಬ್ಯಾಡ ಮೇಸ್ತ್ರಿ, ವಾಕರಿಕೆ ಬರ್ತದೆ.’

‘ಬರ್ಲಿ. ಗಾಡಿ ನಿಲ್ದೇ ಹೋದ್ರೆ ಆಗ ಏನು ಬರ್ತದೆ ಗೊತ್ತಾ? ನೆಕ್ಕು.’

ನೆಕ್ಕಿದೆ. ಶೆಡ್ಡಿನ ಹಿಂದೆ ಹೋಗಿ ಬೆಳಗಿನ ರೊಟ್ಟಿಯನ್ನೆಲ್ಲ ಕಕ್ಕಿದೆ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದೆ ನನ್ನದೇ ವರ್ಕ್‌ಶಾಪ್ ಆದ ಮೇಲೆ ನಾನೂ ಎಷ್ಟೋ ಸಲ ಹಾಗೇ ನೆಕ್ಕಿದ್ದೇನೆ. ಅದು ಸುಳ್ಳು ಹೇಳುವುದಿಲ್ಲ. ನನ್ನ ಹೆಂಡತಿ ನಾನು ಕುಡಿದ ಲೋಟವನ್ನು ಇವತ್ತಿಗೂ ಬೇರೆ ಇಡುತ್ತಾಳೆ.

ಅದೇ ಮನುಷ್ಯ ಕೆಲಸದಲ್ಲಿ ಮಾತ್ರ ಮಡಿ ಹೆಂಗಸಿನ ಹಾಗೆ. ಹೊಸ ಲೈನಿಂಗಿನ ಮೇಲೆ ಯಾರಾದರೂ ಬೆರಳಿಟ್ಟರೆ ಕೈಮೇಲೆ ಪೆಟ್ಟು ಬೀಳುತ್ತಿತ್ತು, ಬೆರಳಿನ ಜಿಡ್ಡು ತಾಗುತ್ತದೆಂದು. ರಿವೆಟ್ಟಿನ ತಲೆ ಲೈನಿಂಗಿನೊಳಗೆ ಇಷ್ಟು ಆಳ ಕೂತಿರಬೇಕು ಎಂದು ಬೆಂಕಿಕಡ್ಡಿಯ ತಲೆಯಿಟ್ಟು ಅಳೆಯುತ್ತಿದ್ದ. ಲೈನಿಂಗ್ ಸವೆದು ರಿವೆಟ್ಟು ಕಂಡ ಗಾಡಿಯನ್ನು ಶೆಡ್ಡಿನಿಂದ ಹೊರಗೆ ಬಿಡುವುದಿಲ್ಲ ಎನ್ನುವುದು ಆತನ ಪ್ರತಿಜ್ಞೆ. ‘ಕಲೆಕ್ಟ್ರು ಬಂದ್ರೂ ಬಿಡಲ್ಲ’ ಎನ್ನುತ್ತಿದ್ದ. ಆ ಮಾತನ್ನು ನಾನು ನಂಬಿದ್ದೆ. ಆಗ ನನಗೆ ಇಪ್ಪತ್ತಾರು, ಮದುವೆಯಾಗಿ ಆರು ತಿಂಗಳು, ಬೇಕೆಂದರೆ ಯಾರನ್ನಾದರೂ ನಂಬುವ ವಯಸ್ಸು.

ಆ ವರ್ಷ ಸುಗ್ಗಿಯ ಗಡಿಬಿಡಿಯಲ್ಲಿ ನಾಲ್ಕೈದು ತಿಂಗಳು ಸೊರಬದ ಕಡೆ ಹೋಗಿರಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಕಾರು ಕೂಗಲು ಶುರು ಮಾಡಿತು. ಬ್ರೇಕು ಒತ್ತಿದರೆ ಹಂದಿ ಹಿಡಿದಾಗ ಕಿರುಚುತ್ತದಲ್ಲ, ಹಾಗೆ. ಊರಿನ ಪಡ್ಡೆಗಳು ‘ಸಾವ್ಕಾರ್ರ ಹಂದಿ ಬಂತು’ ಎಂದು ಆಡಿಕೊಂಡು ನಗುತ್ತಿದ್ದರು. ಸಾಹುಕಾರರಿಗೆ ಅದು ಕೇಳಿಸಿತು. ಅದೇ ದಿನ ನಮ್ಮಿಬ್ಬರನ್ನು ಹೊತ್ತುಕೊಂಡು ಕಾರು ಸೊರಬಕ್ಕೆ ಹೋಯಿತು.

ಮೇಸ್ತ್ರಿ ನಾಲ್ಕೂ ಚಕ್ರ ಬಿಚ್ಚಿದ. ಕೂಗುತ್ತಿದ್ದದ್ದು ಹಿಂದಿನ ಎಡ ಚಕ್ರ ಒಂದೇ. ಅದರ ಲೈನಿಂಗು ಮಾತ್ರ ದೊರೆಯ ಕಾಲದಲ್ಲಿ ಯಾರೋ ಬದಲಾಯಿಸಿದ್ದಂತೆ. ದಪ್ಪವಿತ್ತು, ಮೇಲ್ಮೈ ಗಾಜಿನ ಹಾಗೆ ನುಣುಪಾಗಿತ್ತು, ಅದಕ್ಕೇ ಸದ್ದು. ಉಳಿದ ಮೂರರಲ್ಲಿ ಲೈನಿಂಗೇ ಇರಲಿಲ್ಲ. ರಿವೆಟ್ಟುಗಳು ಡ್ರಮ್ಮಿನ ಒಳಮೈಯನ್ನು ನೇಗಿಲ ಸಾಲಿನ ಹಾಗೆ ಉತ್ತುಬಿಟ್ಟಿದ್ದವು.

‘ಉಗುರು ಇಡು’ ಎಂದ ನನಗೆ. ಇಟ್ಟೆ. ಡ್ರಮ್ಮಿನ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಅಷ್ಟು ಸವೆದಿತ್ತು.

‘ತೆಳ್ಳಗಾದ ಡ್ರಮ್ಮು ಬಿಸಿಯಾದ್ರೆ ಹಿಗ್ತದೆ. ಶೂ ಹೋಗಿ ಮುಟ್ಟೋದೇ ಇಲ್ಲ. ಇಳಿಜಾರಲ್ಲಿ ನಾಕು ಸಲ ತುಳಿದ್ಯೋ, ಐದನೇ ಸಲಕ್ಕೆ ಪೆಡಲ್ಲು ನೆಲಕ್ಕೆ. ಕೂಗೋ ಚಕ್ರಕ್ಕೆ ಹೆದರಬ್ಯಾಡ ಮಾರಾಯ. ಬಾಯಿ ಮುಚ್ಕೊಂಡಿರೋ ಈ ಮೂರಕ್ಕೆ ಹೆದರು.’

ಸಾಹುಕಾರರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ‘ಏ ಮೇಸ್ತ್ರಿ, ಎಷ್ಟು ದಿನ?’

‘ಮೂರು ವಾರ ಸಾವ್ಕಾರ್ರೆ. ಲೈನಿಂಗು ಬೊಂಬಾಯಿಂದ ಬರ್ಬೇಕು. ಡ್ರಮ್ಮು ಮೂರೂ ಹೊಸವಾಗ್ಬೇಕು. ಶಿವಮೊಗ್ಗಕ್ಕೆ ಕಳ್ಸಿ ಲೇತಲ್ಲಿ ಕಡೆಸೋಣ ಅಂದ್ರೆ ಕಡೆಯೋಕೆ ಅದ್ರಲ್ಲಿ ಕಬ್ಬಿಣವೇ ಉಳಿದಿಲ್ಲ.’

‘ಬರೋ ಸೋಮವಾರ ಹೊಸಬಾಳೆಗೆ ಹೋಗೋದೈತೆ, ಮಗನ ಸಂಬಂಧಕ್ಕೆ. ಬೀಗರ ಮನೆಗೆ ಬಸ್ಸಲ್ಲಿ ಹೋಗ್ಲೇನು? ಅದೆಲ್ಲ ಆಮೇಲೆ. ಈಗ ಸದ್ದು ನಿಲ್ಸು ಸಾಕು.’

ನಾನು ಮೇಸ್ತ್ರಿಯ ಮುಖ ನೋಡಿದೆ. ಕಲೆಕ್ಟರು ಬಂದರೂ ಬಿಡದವನು ಈಗ ಏನು ಹೇಳುತ್ತಾನೋ ಎಂದು ಕಾದೆ. ಮೇಸ್ತ್ರಿ ತಲೆ ಕೆರೆದುಕೊಂಡ. ‘ಸರಿ ಸಾವ್ಕಾರ್ರೆ’ ಎಂದ. ಮರಳು ಕಾಗದ ತೆಗೆದುಕೊಂಡು ಕೂಗುತ್ತಿದ್ದ ಚಕ್ರದ ಲೈನಿಂಗನ್ನು ತಿಕ್ಕಿದ, ನಾಲ್ಕೂ ಚಕ್ರ ಹಾಕಿದ. ಹೊರಡುವಾಗ ನನಗೆ ಮಾತ್ರ ಕೇಳುವಂತೆ, ‘ನಿಧಾನಕ್ಕೆ ಓಡ್ಸು’ ಎಂದ. ಆತನ ಮೇಲೆ ನನಗೆ ಮೊದಲ ಸಲ ಹೇಸಿಗೆ ಹುಟ್ಟಿದ್ದು ಆಗ. ಆದರೆ ಸ್ಟೀರಿಂಗ್ ಹಿಡಿದು ಕೂತವನು ನಾನೇ ತಾನೆ? ಇಳಿದು ‘ಇದನ್ನು ನಾನು ಓಡಿಸುವುದಿಲ್ಲ’ ಎನ್ನಬಹುದಿತ್ತು. ಅನ್ನಲಿಲ್ಲ.

ಮರಳು ಕಾಗದದ ಗುಣ ಎರಡು ದಿನ ಇತ್ತು. ಮೂರನೆಯ ದಿನ ಹಂದಿ ಮತ್ತೆ ಕೂಗಿತು. ಅದಾದ ಮೇಲೆ ಭಾನುವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಕೂಗು ನಿಂತಿತು. ಯಾಕೆ ನಿಂತಿತು ಎಂದು ನಾನು ಯಾರನ್ನೂ ಕೇಳಲಿಲ್ಲ. ಪೀಡೆ ತೊಲಗಿತು ಎಂದುಕೊಂಡೆ.

ಸೋಮವಾರ ಹೊಸಬಾಳೆಯಲ್ಲಿ ಮಾತುಕತೆ ಚೆನ್ನಾಗಿ ಆಯಿತು. ಖುಷಿಯಲ್ಲಿ ಸಾಹುಕಾರರು ಚಂದ್ರಗುತ್ತಿಗೆ ಹೋಗಿ ದೇವಿಗೆ ಹಣ್ಣುಕಾಯಿ ಮಾಡಿಸೋಣ ಎಂದರು. ಹೋದೆವು, ಮಾಡಿಸಿದೆವು. ವಾಪಸು ಇಳಿಯುವಾಗ ರಸ್ತೆ ತುಂಬ ಕುರಿ ಮಂದೆ. ನಾನು ಮೊದಲೇ ನಾಲ್ಕಾರು ಸಲ ಬ್ರೇಕು ತುಳಿದಿದ್ದೆ. ಈ ಸಲ ತುಳಿದರೆ ಪೆಡಲ್ಲು ಕೆಸರಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ನೆಲಕ್ಕೆ ಹೋಯಿತು. ಮೇಸ್ತ್ರಿ ಹೇಳಿದ್ದು ಅಕ್ಷರಶಃ ಹಾಗೇ ಆಯಿತು. ಹಾರನ್ ಒತ್ತಿದೆ, ಕೈಬ್ರೇಕು ಎಳೆದೆ, ಕೊನೆಗೆ ಮಣ್ಣಿನ ದಿಬ್ಬಕ್ಕೆ ತಿರುಗಿಸಿದೆ. ದಿಬ್ಬಕ್ಕೂ ಕಾರಿಗೂ ನಡುವೆ ಏಳು ಕುರಿ, ಅವನ್ನು ಎಳೆದುಕೊಳ್ಳಲು ನುಗ್ಗಿದ್ದ ಕುರಿಗಾಹಿಯ ಬಲಗಾಲು. ಮೊಣಕಾಲ ಚಿಪ್ಪು ಪುಡಿಯಾಯಿತು. ಆ ಮನುಷ್ಯ ಅಳಲಿಲ್ಲ, ಸತ್ತ ಕುರಿಗಳ ಗುರುತು ಹೇಳಿ ಒಂದೊಂದನ್ನೇ ಕರೆಯುತ್ತಿದ್ದ. ಹಿಂದಿನ ಸೀಟಿನಿಂದ ಸಾಹುಕಾರರು ಮೊದಲು ಕೇಳಿದ್ದು, ‘ನನ್ನ ರುಮಾಲು ಎಲ್ಲಿ?’

ಕಾರನ್ನು ಸೊರಬದ ಶೆಡ್ಡಿಗೆ ಎಳೆಯಲು ಎತ್ತುಗಳೇ ಬರಬೇಕಾಯಿತು. ಸಾಹುಕಾರರ ಬಂಡಿ ಹೊಡೆಯುವ ಚೌಡಪ್ಪ ಶಿಕಾರಿಪುರದಿಂದ ಎರಡು ಜೋಡಿ ಎತ್ತು ಹೊಡೆದುಕೊಂಡು ಬಂದ. ಐವತ್ತೈದು ದಾಟಿದವನು, ನಾವೆಲ್ಲ ಚೌಡಜ್ಜ ಎನ್ನುತ್ತಿದ್ದೆವು. ಸಾಹುಕಾರರ ಗದ್ದೆಯ ಮೂಲೆಯಲ್ಲಿ ಅವರೇ ಕೊಟ್ಟ ಗುಡಿಸಲಲ್ಲಿ ಹೆಂಡತಿ, ತಡವಾಗಿ ಹುಟ್ಟಿದ ಒಬ್ಬ ಮಗಳ ಜೊತೆ ಇದ್ದ. ಯಾರೇನು ಹೇಳಿದರೂ ‘ಆಗ್ಲಿ’ ಎನ್ನುವುದೊಂದೇ ಅವನಿಗೆ ಗೊತ್ತಿದ್ದದ್ದು.

ಕಾರು ಶೆಡ್ಡು ಮುಟ್ಟಿದ ಮಾರನೆಯ ಬೆಳಗ್ಗೆ ಅಲ್ಲೇ ಪಂಚನಾಮೆ. ಪೊಲೀಸ್ ಜಮಾದಾರರು ಬಂದರು. ಗಾಡಿ ಯಾಕೆ ನಿಲ್ಲಲಿಲ್ಲ ಎಂದು ಮೇಸ್ತ್ರಿ ನೋಡಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಸಾಹುಕಾರರು ಬೆಳಗಿನ ಜಾವವೇ ಬಂದು ಮೇಸ್ತ್ರಿಯ ಜೊತೆ ಮಾತಾಡಿ ಆಗಿತ್ತು. ಏನು ಮಾತಾಡಿದರೋ ನಾನು ಕೇಳಿಸಿಕೊಂಡಿಲ್ಲ, ಕಂಡದ್ದನ್ನು ಹೇಳುತ್ತೇನೆ. ಹೋಟೆಲಿನಿಂದ ತರಿಸಿದ ಕಾಫಿಯನ್ನು ಸಾಹುಕಾರರು ತಮ್ಮ ಕೈಯಾರೆ ಮೇಸ್ತ್ರಿಗೆ ಕೊಟ್ಟರು. ಪಕ್ಕದಲ್ಲೇ ಕುರ್ಚಿ ಹಾಕಿಸಿ, ‘ಕೂತ್ಕೊಳ್ರೀ ಮೇಸ್ತ್ರಿ’ ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ‘ಏ ಮೇಸ್ತ್ರಿ’ ಬಿಟ್ಟು ಇನ್ನೊಂದು ಬಂದದ್ದಿಲ್ಲ. ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕೂತು ಕಾಫಿಯನ್ನು ಊದಿ ಊದಿ ಕುಡಿದ. ಆ ದಿನ ಹಲ್ಲುಜ್ಜಿಕೊಂಡಿದ್ದ.

‘ಒಂದೊಂದೇ ಬಿಚ್ಚು’ ಎಂದು ನನಗೆ ಸ್ಪ್ಯಾನರ್ ಕೊಟ್ಟ. ಮೊದಲು ಹಿಂದಿನ ಎಡ ಚಕ್ರ. ಬಿಚ್ಚಿ ಡ್ರಮ್ಮು ಎಳೆದೆ. ಒಳಗೆಲ್ಲ ಕರೀ ಪಸೆ. ಮೇಸ್ತ್ರಿ ಬೆರಳಿನಿಂದ ಬಳಿದು ನಾಲಿಗೆಗೆ ಇಟ್ಟುಕೊಂಡ. ಜಮಾದಾರರು ಮುಖ ಹಿಂಡಿದರು. ಮೇಸ್ತ್ರಿ ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದ್ದ.

‘ಇದು ಬ್ರೇಕಿನೆಣ್ಣೆ ಅಲ್ಲ, ಗ್ರೀಸೂ ಅಲ್ಲ. ಬಂಡಿ ಕೀಲೆಣ್ಣೆ’ ಎಂದ. ‘ಇದ್ರೊಳಗೆ ಬಂಡಿ ಎಣ್ಣೆ ಹಾಕಿದ್ಯಾರು?’

ಬಾಗಿಲ ಬಳಿ ಎತ್ತಿನ ಹಗ್ಗ ಹಿಡಿದು ನಿಂತಿದ್ದ ಚೌಡಜ್ಜ ಮುಂದೆ ಬಂದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ‘ನಾನೇ ಸ್ವಾಮಿ. ಗಾಲಿ ಕಿರುಗುಟ್ತಿತ್ತು. ಹಿಂದ್ಗಡೆ ತಗಡಲ್ಲಿ ಬಿರಡೆ ತೆಗೆದ್ರೆ ತೂತು ಐತೆ. ಎಣ್ಣೆ ಬಿಡಾಕೇ ಮಾಡ್ಯಾರೆ ಅಂದ್ಕಂಡೆ. ಬಿಟ್ಟ ಮ್ಯಾಲೆ ಕಿರುಗುಟ್ಲಿಲ್ಲ ನೋಡ್ರಿ.’

ಅದು ಶೂಗಳನ್ನು ಹೊಂದಿಸಲು ಬಿಟ್ಟ ತೂತು. ಅವನಿಗೆ ಹೇಗೆ ಗೊತ್ತಾಗಬೇಕು? ಹುಟ್ಟಿದಾಗಿನಿಂದ ಕಿರುಗುಟ್ಟುವ ಗಾಲಿಗೆ ಎಣ್ಣೆ ಬಿಟ್ಟು ಬದುಕಿದವನು. ಸದ್ದು ನಿಲ್ಲಿಸು ಎಂದು ಅವನಿಗೆ ಹೇಳಿದ್ದು ಯಾರೆಂದು ನಾನು ಸಾಹುಕಾರರ ಕಡೆ ನೋಡಿಯೇ ತಿಳಿದುಕೊಂಡೆ. ಅವರು ಶೆಡ್ಡಿನ ಸೂರು ನೋಡುತ್ತಿದ್ದರು. ಚೌಡಜ್ಜನೂ ಅವರ ಹೆಸರು ಹೇಳಲಿಲ್ಲ. ಒಡೆಯರ ಮಾತನ್ನು ಪೊಲೀಸರ ಮುಂದೆ ಎತ್ತಬಹುದು ಎನ್ನುವುದೇ ಅವನಿಗೆ ಹೊಳೆದಿರಲಾರದು.

ಅಷ್ಟರಲ್ಲಿ ನಾನು ಮುಂದಿನ ಚಕ್ರಕ್ಕೆ ಹೋಗಿ ಎರಡು ನಟ್ಟು ಸಡಿಲ ಮಾಡಿದ್ದೆ. ಒಂದು ಚಕ್ರಕ್ಕೆ ಎಣ್ಣೆ ಬಿದ್ದರೆ ಕಾರು ಒಂದು ಕಡೆ ಎಳೆಯುತ್ತದೆ, ನಿಲ್ಲುವುದು ತುಸು ತಡವಾಗುತ್ತದೆ. ಪೆಡಲ್ಲು ನೆಲಕ್ಕೆ ಹೋಗುವುದಿಲ್ಲ. ಇದು ನನಗೇ ಗೊತ್ತಿತ್ತೆಂದ ಮೇಲೆ ಮೇಸ್ತ್ರಿಗೆ ಗೊತ್ತಿರಲಿಲ್ಲವೇ?

‘ಉಳಿದವೂ ಬಿಚ್ಬೇಕೇನ್ರೀ?’ ಎಂದು ಜಮಾದಾರರು ಕೇಳಿದರು.

‘ಯಾಕ್ರೀ ಸುಮ್ನೆ? ಕಾರಣ ಸಿಕ್ತಲ್ಲ’ ಎಂದ ಮೇಸ್ತ್ರಿ. ಆಮೇಲೆ ನನ್ನ ಕಡೆ ತಿರುಗಿದ. ‘ಬಿಗಿ ಮಾಡು ಅದನ್ನ.’

ನಾನು ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆ. ಆ ಚಕ್ರ ಬಿಚ್ಚಿದರೆ, ಬ್ರೇಕು ಇಲ್ಲವೆಂದು ಗೊತ್ತಿದ್ದೂ ಹೊರಗೆ ಬಿಟ್ಟವನು ಮೇಸ್ತ್ರಿ, ಗೊತ್ತಿದ್ದೂ ಕಳಿಸಿದವರು ಸಾಹುಕಾರರು, ಗೊತ್ತಿದ್ದೂ ಓಡಿಸಿದವನು ನಾನು. ನನ್ನ ಲೈಸೆನ್ಸು ಹೋಗುತ್ತಿತ್ತು, ಜೈಲೂ ಆಗುತ್ತಿತ್ತೋ ಏನೋ. ಮನೆಯಲ್ಲಿ ಹೆಂಡತಿ ಬಸುರಿ.

ಬಿಗಿ ಮಾಡಿದೆ. ಎರಡು ನಟ್ಟು. ಪಂಚನಾಮೆಗೆ ಸಾಕ್ಷಿ ಎಂದು ಸಹಿಯನ್ನೂ ಹಾಕಿದೆ.

ಮೇಸ್ತ್ರಿ ಎದ್ದು ನಿಂತು, ‘ಮುದುಕ ತಿಳೀದೆ ಮಾಡ್ಯಾನ್ರಿ, ಬಿಟ್ಬಿಡ್ರಿ’ ಎಂದು ದೊಡ್ಡ ಮನಸ್ಸಿನವನಂತೆ ಕೈಮುಗಿದ. ಜಮಾದಾರರು ಗದರಿಸಿ ಬಿಟ್ಟರು. ಸಾಹುಕಾರರು ಬಿಡಲಿಲ್ಲ. ಅವರಿಗೂ ಯಾರ ಮೇಲಾದರೂ ಸಿಟ್ಟು ಮಾಡಿ ತೋರಿಸಬೇಕಿತ್ತಲ್ಲ. ಎಂಟು ದಿನದಲ್ಲಿ ಗುಡಿಸಲು ಖಾಲಿಯಾಯಿತು. ಸಾಮಾನು ಹೇರಿಕೊಂಡು ಹೊರಡುವ ಮುಂಚೆ ಚೌಡಜ್ಜ ನನ್ನನ್ನು ಹುಡುಕಿಕೊಂಡು ಬಂದ.

‘ಎಣ್ಣೆ ಬಿಟ್ರೆ ಗಾಡಿ ನಿಲ್ಲಲ್ವೇನಪ್ಪಾ? ನಿಂಗೆ ತಿಳೀತದೆ, ಹೇಳು. ಆ ಕುರಿಯವನ ಕಾಲು ನನ್ನಿಂದ್ಲೇ ಹೋಯ್ತೇನು?’

‘ಆಗಿದ್ದು ಆಯ್ತು ಬಿಡಜ್ಜ’ ಎಂದೆ. ಅದೂ ಒಂದು ಉತ್ತರವೇ!

ತಿಂಗಳಾದ ಮೇಲೆ ಬೊಂಬಾಯಿಂದ ಡ್ರಮ್ಮು, ಲೈನಿಂಗು ಬಂದವು. ಬೀಗರು ಮನೆಗೆ ಬರುವವರಿದ್ದರಲ್ಲ, ಸಾಹುಕಾರರು ತಂತಿ ಕೊಟ್ಟು ತರಿಸಿದ್ದರು. ಮೇಸ್ತ್ರಿ ಆ ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟ. ರಿವೆಟ್ಟನ್ನು ನಡುವಿನಿಂದ ತುದಿಯ ಕಡೆಗೆ, ಒಂದು ಈ ಕಡೆ ಒಂದು ಆ ಕಡೆ ಎಂದು ಹೊಡೆದ. ಪೈಪಿನೊಳಗಿನ ಗಾಳಿ ತೆಗೆಯಲು ನನ್ನನ್ನು ಕೂರಿಸಿ ‘ತುಳಿ... ಹಿಡಿ... ಬಿಡು’ ಎಂದು ಒಂದು ತಾಸು ತುಳಿಸಿದ. ಹೊಸ ಲೈನಿಂಗಿನ ಮೈ ಡ್ರಮ್ಮಿಗೆ ಕೂರಲಿ ಎಂದು ಅಂಬ್ಲಿಗೊಳದ ಕಡೆ ಹೋಗಿ ಬರುವಾಗ ಇಪ್ಪತ್ತು ಸಲ ಮೆತ್ತಗೆ ನಿಲ್ಲಿಸಿ ನಿಲ್ಲಿಸಿ ಓಡಿಸಲು ಹೇಳಿಕೊಟ್ಟ. ನನಗೆ ಬರುವ ಬ್ರೇಕಿನ ಕೆಲಸವೆಲ್ಲ ಆ ಎರಡು ದಿನ ಕಲಿತದ್ದು. ಕಲಿಯುವಾಗ ಮೈಯೆಲ್ಲ ಹೇಸಿಗೆ. ಆದರೂ ಕಣ್ಣು ತೆಗೆಯದೆ ನೋಡಿದೆ, ಅಷ್ಟು ಚೆಂದದ ಕೆಲಸ. ಹಳೆಯ ಮೂರು ಡ್ರಮ್ಮುಗಳನ್ನು ಶೆಡ್ಡಿನ ಹಿಂದೆ ಗುಂಡಿ ತೋಡಿ ಹೂತ. ಹಳೇ ಕಬ್ಬಿಣದ ಚೂರನ್ನೂ ಬಿಸಾಡದವನು.

ಅವತ್ತು ಕೇಳಿಬಿಟ್ಟೆ. ‘ಮೇಸ್ತ್ರಿ, ಚೌಡಜ್ಜನ ಮೇಲೆ ಯಾಕೆ ಹಾಕಿದ್ರಿ?’

ಗುಂಡಿಯ ಮಣ್ಣನ್ನು ಕಾಲಿನಿಂದ ತುಳಿದು ಮಟ್ಟ ಮಾಡುತ್ತ ಹೇಳಿದ: ‘ನಿಂಗೆ ಲೈಸೆನ್ಸು ಐತೆ, ನಂಗೆ ಶೆಡ್ಡು ಐತೆ, ಅವ್ರಿಗೆ ಗಿರಣಿ ಐತೆ. ಅವನತ್ರ ಯಾರಾದ್ರೂ ಕಿತ್ಕೊಳ್ಳಾಕೆ ಏನೈತೆ ಹೇಳು?’

ಹೇಳಿ ಎಲೆಗೆ ಸುಣ್ಣ ಸವರಿಕೊಂಡ. ಆ ವರ್ಷವೇ ನಾನು ಸಾಹುಕಾರರ ಕೆಲಸ ಬಿಟ್ಟೆ. ಬೇರೆ ಊರಲ್ಲಿ ವರ್ಕ್‌ಶಾಪ್ ಹಾಕಿದೆ. ಮೇಸ್ತ್ರಿಯ ಶೆಡ್ಡಿನ ಮುಂದೆ ಹಾದುಹೋಗುವ ಬಸ್ಸಿನಲ್ಲಿ ಕೂತಾಗೆಲ್ಲ ಆಚೆ ಮುಖ ಮಾಡಿದೆ.

ಮೊನ್ನೆ ಸೊರಬದಲ್ಲಿ ಶೋಕಸಭೆ ಇಟ್ಟಿದ್ದರು. ಆ ಶೆಡ್ಡಿನ ಮುಂದೆಯೇ ಶಾಮಿಯಾನ. ಡ್ರೈವರುಗಳು, ಮೆಕ್ಯಾನಿಕ್ಕುಗಳು ತುಂಬಿದ್ದರು. ಮೊದಲ ಶಿಷ್ಯ ಎಂದು ನನ್ನನ್ನು ಮಾತಾಡಲು ಎಬ್ಬಿಸಿದರು. ಎಲ್ಲವನ್ನೂ ಹೇಳಿಯೇ ಬಿಡುತ್ತೇನೆ ಎಂದು ಮನೆಯಿಂದ ಹೊರಟಿದ್ದೆ. ನೆಕ್ಕಿ ಹೇಳುವ ಕಥೆ ಹೇಳಿದೆ, ನಾನು ಕಕ್ಕಿದ್ದು ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಿಲ್ಲಿಸಿ, ಅಂಥ ಕೆಲಸಗಾರ ಇನ್ನು ಹುಟ್ಟುವುದಿಲ್ಲ ಎಂದು ಹೇಳಿ ಕೂತೆ. ಚಪ್ಪಾಳೆ ಬಿತ್ತು.

ಎಲ್ಲರೂ ಚದುರುವಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹತ್ತಿರ ಬಂದಳು. ಕೈಯಲ್ಲಿ ಹೂವಿನ ಹಾರದ ಪೊಟ್ಟಣ.

‘ಗುರುತು ಸಿಕ್ತೇನಣ್ಣ? ನಾನು ಚೌಡಪ್ಪನ ಮಗಳು. ಹೊಸಬಾಳೆಗೆ ಕೊಟ್ಟಾರೆ. ಅಪ್ಪ ಸತ್ತು ಇಪ್ಪತ್ತು ವರ್ಷಾತು. ಸಾಯೋ ತನ್ಕ ಗಾಲಿಗೆ ಎಣ್ಣೆ ಮುಟ್ಸಲಿಲ್ಲ ನೋಡು. ಬಾಡಿಗೆ ಬಂಡಿ ಹೊಡೀತಿದ್ದ, ಒಂದು ಹರದಾರಿ ಆಚೆಗೂ ಕೇಳ್ತಿತ್ತು ಅದ್ರ ಕೂಗು. ಎಲ್ರೂ ಬೈಯೋರು. ನನ್ನ ಕೈಯಿಂದ ಒಬ್ಬನ ಕಾಲು ಹೋಗೈತೆ, ಕೂಗ್ಲಿ ಬಿಡು ಅನ್ನೋನು.’ ಪೊಟ್ಟಣ ಬಿಚ್ಚಿ ಹಾರವನ್ನು ಮೇಸ್ತ್ರಿಯ ಫೋಟೋಗೆ ಹಾಕಿದಳು. ‘ಜೈಲಿಗೆ ಹೋಗೋನ್ನ ಉಳಿಸಿದ ಪುಣ್ಯಾತ್ಮ, ಅವ್ರು ತೀರ್ಕಂಡ್ರೆ ಒಂದು ಹೂವ ಹಾಕ್ಬಾ ಅಂತ ಹೇಳಿ ಸತ್ತಿದ್ದ. ನಿನ್ನ ಹೆಸ್ರೂ ಹೇಳ್ತಿದ್ದ ಅಣ್ಣ. ಒಳ್ಳೆ ಹುಡುಗ, ನಂಗೊಂದು ಮಾತು ಬೈಲಿಲ್ಲ ಅಂತಿದ್ದ.’

‘ಬಂದಿದ್ದು ಒಳ್ಳೇದಾತಮ್ಮ’ ಎಂದೆ. ಅವಳು ಕೈಮುಗಿದು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಬಸ್ಸು ಹತ್ತು ನಿಮಿಷ ಅಲ್ಲೇ ನಿಂತಿತ್ತು, ಅವಳು ಕಿಟಕಿಯ ಪಕ್ಕದಲ್ಲೇ ಕೂತಿದ್ದಳು. ನಾನು ನಿಂತಲ್ಲಿಂದ ಅಲ್ಲಾಡಲಿಲ್ಲ.

ಅವಳಿಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಹೊಸಬಾಳೆಯವರು ಯಾರಾದರೂ ಇದನ್ನು ಓದಿದರೆ ಅವಳಿಗೆ ಇಷ್ಟು ಹೇಳಿ. ತಂಗೀ, ನಿಮ್ಮಪ್ಪನ ಎಣ್ಣೆ ಬಿದ್ದಿದ್ದು ಒಂದೇ ಚಕ್ರಕ್ಕೆ. ಉಳಿದ ಮೂರರಲ್ಲಿ ಬ್ರೇಕೇ ಇರಲಿಲ್ಲ. ಅದು ಮೇಸ್ತ್ರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.